ಒಂದು ಮೊರ ತೌಡು

ಕಂಠಪ್ಪ ಎಷ್ಟು ಬಿಗಿದು ಕಟ್ಟಿದರೂ ಷಣ್ಮುಖಪ್ಪನವರ ತಲೆ ಎಡಕ್ಕೇ ವಾಲುತ್ತಿತ್ತು. ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದಾಗಿತ್ತು, ಹಣೆಗೂ ತೋಳಿಗೂ ವಿಭೂತಿ ಬಳಿದದ್ದಾಗಿತ್ತು. ಗೋಡೆಯ ಗೂಟಕ್ಕೆ ಸುತ್ತಿ ಬಿಗಿದ ಬಿಳಿ ವಸ್ತ್ರಕ್ಕೆ ಆ ತಲೆಯೊಂದು ಮಾತ್ರ ಸೊಪ್ಪು ಹಾಕಲಿಲ್ಲ.

“ಬುಡಿ ಕಂಠಪ್ನೋರೆ,” ಅಂದಳು ಸುಂದ್ರಮ್ಮ. “ಬದುಕಿದ್ದಾಗ್ಲೂ ಅಂಗೇ ಅಲ್ವಾ? ಯಾರು ಏನೇಳುದ್ರೂ ತಲೆ ವಾಲುಸ್ಕೊಂಡು ಕೇಳೋರು. ಇವತ್ತೊಂದಿನ ನೆಟ್ಟಗೆ ಕೂತ್ಕಳಿ ಅಂದ್ರೆ ಕೂತ್ಕತಾರಾ?”

ಗಂಡ ಸತ್ತ ಮನೆಯಲ್ಲಿ ಹೆಂಡತಿಯೇ ಹೀಗೆಂದರೆ ಬಂದವರು ನಗಬೇಕೋ ಅಳಬೇಕೋ? ಜೊತೆಯ ಗುಮಾಸ್ತ ಕಂಠಪ್ಪ ಎರಡನ್ನೂ ಒಟ್ಟಿಗೇ ಮಾಡಿ, ಮೂಗು ಒರೆಸಿಕೊಂಡು ಹೊರಗೆ ಹೋದ.

ಹುಣಸೂರಿನಲ್ಲಿ ಹದಿನೈದು ದಿನಕ್ಕೊಮ್ಮೆ ಸೋಮವಾರ ಮಕ್ಕಳ ಕೋರ್ಟು ಕೂರುತ್ತಿತ್ತು. ಅದರ ಗುಮಾಸ್ತರು ಷಣ್ಮುಖಪ್ಪನವರು. ಪಿರಿಯಾಪಟ್ಟಣದ ಸಂತೆಯಲ್ಲಿ ತಪ್ಪಿಸಿಕೊಂಡ ಮಗು, ಕೃಷ್ಣರಾಜನಗರದ ರೈಲು ಸ್ಟೇಷನ್ನಿನಲ್ಲಿ ಮಲಗಿದ್ದ ಮಗು, ಹೊಟ್ಟೆಗಿಲ್ಲದೆ ಬನ್ನು ಕದ್ದ ಮಗು, ಎಲ್ಲ ಬಂದು ಸೇರುತ್ತಿದ್ದದ್ದು ಅವರ ಮೇಜಿಗೆ. ಪೊಲೀಸರು, ಮೈಸೂರಿನ ಮಕ್ಕಳ ಹೋಮಿನವರು, ಹೆತ್ತವರು, ಇಷ್ಟೂ ಜನರನ್ನು ಒಂದೇ ದಿನ ಒಂದೇ ಕಡೆ ಕೂಡಿಸುವುದು ಅವರ ಕೆಲಸ. ಕಲ್ಲು ಸಿಕ್ಕರೆ ನಾಯಿ ಇಲ್ಲ, ನಾಯಿ ಸಿಕ್ಕರೆ ಕಲ್ಲಿಲ್ಲ ಎನ್ನುವ ಕೆಲಸ ಅದು. ಸಂತೆಗೆ ಹೋಗಿ ಉಪ್ಪು ಮಾರುವವರ ಕಿವಿಗೂ, ಬಸ್ ಕಂಡಕ್ಟರುಗಳ ಕಿವಿಗೂ ಸುದ್ದಿ ಹಾಕಿ ಹೆತ್ತವರನ್ನು ಹುಡುಕಿಸುತ್ತಿದ್ದರು. ಕೈಕೋಳ ಹಾಕಿಸಿಕೊಂಡ ಕಳ್ಳರ ಪಕ್ಕ ಕೋರ್ಟಿನ ಜಗುಲಿಯಲ್ಲಿ ಮಕ್ಕಳು ಕಾಯುವುದನ್ನು ಅವರು ಒಪ್ಪುತ್ತಿರಲಿಲ್ಲ. ಮನೆಗೇ ಕರೆತಂದು, ಅವರೆಕಾಯಿಯನ್ನೋ ಕಡಲೆಕಾಯಿಯನ್ನೋ ಮುಂದೆ ಸುರಿದು ಬಿಡಿಸಲು ಹೇಳುತ್ತಿದ್ದರು. ಕೈಗೆ ಕೆಲಸ ಸಿಕ್ಕರೆ ಹೆದರಿದ ಮಗುವೂ ಬಾಯಿ ಬಿಡುತ್ತದೆ ಎನ್ನುವುದು ಅವರು ಕಂಡುಕೊಂಡ ಉಪಾಯ. “ನಮ್ಮನೆ ಏನು ಛತ್ರವಾ?” ಎಂದು ಸುಂದ್ರಮ್ಮ ಗೊಣಗುತ್ತಿದ್ದಳು. ಗೊಣಗುತ್ತಲೇ ಇನ್ನೆರಡು ಮುದ್ದೆ ಹೆಚ್ಚಿಗೆ ತಿರುವುತ್ತಿದ್ದಳು.

ಈಗಲೂ ಅಡುಗೆಮನೆಯಲ್ಲಿ ಒಂದು ಮಗು ಅವರೆಕಾಯಿ ಬಿಡಿಸುತ್ತಿತ್ತು. ಸಂತೆಯಲ್ಲಿ ತಪ್ಪಿಸಿಕೊಂಡು ಹೋಮು ಸೇರಿದ್ದ ಆರು ವರ್ಷದ ನಿಂಗಿ. ಇವತ್ತಿನ ಕೋರ್ಟಿಗೆಂದು ಹೋಮಿನ ಆಯಾ ಭಾಗ್ಯಮ್ಮ ನಿನ್ನೆ ಸಂಜೆ ಮೈಸೂರಿನಿಂದ ಕರೆತಂದಿದ್ದಳು. ಬಿಡಿಸು ಎಂದು ಹೇಳಿದವರು ಬೆಳಗಿನ ಜಾವ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಸಾಕು ಎಂದು ಹೇಳುವುದು ಯಾರಿಗೂ ಹೊಳೆದಿರಲಿಲ್ಲ.

ಭಾಗ್ಯಮ್ಮ ಬಂದು ಸುಂದ್ರಮ್ಮನ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತಳು. “ಅಮ್ಮಾರೇ, ಈ ಒತ್ನಲ್ಲಿ ಕೇಳ್ಬಾರ್ದು. ಕೋರ್ಟು ಇವತ್ತಿಲ್ವಂತೆ. ಸಂಜೆ ಬಸ್ಸಿಗೆ ಮಗೀನ ವಾಪಸ್ ಕರ್ಕೊಂಡೋಗ್ಬೇಕು ನಾನು. ಮುಂದಿನ ವಾಯಿದೆ ಯಾವತ್ತು ಬೀಳ್ತದೋ, ಯಾರು ನೋಡ್ತಾರೋ.”

ಸುಂದ್ರಮ್ಮನ ಕಣ್ಣು ಬೇಲಿಯ ಕಡೆ ಹೋಯಿತು. ನುಗ್ಗೆಮರದ ಕೆಳಗೆ ಕೆಂಚಿ ನಿಂತಿದ್ದಳು, ನಿಂಗಿಯನ್ನು ಹೆತ್ತವಳು. ಹಂಪಾಪುರದಿಂದಾಚೆ ಕಾಡಂಚಿನ ಹಾಡಿಯವಳು. ಗುಮಾಸ್ತರು ಸೋಮವಾರ ಬಾ ಅಂದಿದ್ದರು, ಬಂದಿದ್ದಳು. ಅಡುಗೆಮನೆಯ ಕಿಟಕಿಯಲ್ಲಿ ಮಗುವಿನ ತಲೆ ಕಾಣುತ್ತಿತ್ತು. ಕೆಂಚಿ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

*

ಹಿಂದಿನ ಸಲ ಕೋರ್ಟು ಮುಗಿಸಿ ಬಂದ ರಾತ್ರಿ ಷಣ್ಮುಖಪ್ಪನವರು ಊಟಕ್ಕೆ ಕೂತವರು ಮುದ್ದೆ ಮುರಿಯದೆಯೇ ಮಾತು ತೆಗೆದರು.

“ಮ್ಯಾಜಿಸ್ಟ್ರೇಟ್ ಸಾಹೇಬ್ರು ಕೆಂಚೀನ ಕೇಳುದ್ರು, ಈ ಮಗು ನಿಂದೇನಮ್ಮಾ ಅಂತ. ಅವಳು, ಮಾರ್ಬುಟ್ಟಿವ್ನಿ ಸೋಮಿ ಅಂದ್ಲು. ಯಾರಿಗೆ ಅಂದ್ರೆ, ಪಕ್ಕದ್ ಗುಡ್ಲು ಚಿಕ್ಕಮಾದಿಗೆ. ಎಷ್ಟಕ್ಕೆ ಅಂದ್ರೆ, ಒಂದು ಮೊರ ತೌಡಿಗೆ.”

“ಅಯ್ಯೋ ಶಿವನೇ!”

“ಕೋರ್ಟೆಲ್ಲ ಗೊಳ್ ಅಂತು. ಸಾಹೇಬ್ರು ನಗ್ಲಿಲ್ಲ. ಮಂಗಳೂರು ಪೇಟೇಲಿ ಬೆಳ್ದೋರು, ಅವರಿಗೇನು ಗೊತ್ತು? ಹೆತ್ತೋಳೇ ಮಗು ಮಾರವ್ಳೆ, ವಿಚಾರಣೆ ಆಗ್ಲಿ ಅಂತ ವಾಪಸ್ ಹೋಮಿಗೆ ಕಳಿಸುದ್ರು.”

ಸುಂದ್ರಮ್ಮನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೆಂಚಿಗೆ ಮೊದಲೆರಡು ಮಕ್ಕಳು ಹೋಗಿದ್ದವು. ಮೂರನೆಯದು ಹುಟ್ಟಿದ ತಕ್ಷಣ ಮೊರದಲ್ಲಿ ಮಲಗಿಸಿ, ನೆರೆಯವಳಿಗೆ ತೌಡಿಗೆ ಮಾರಿದ ಶಾಸ್ತ್ರ ಮಾಡಿದ್ದಳು. ಮಗು ಬೆಳೆಯುವುದು ಹೆತ್ತವಳ ಗುಡಿಸಲಲ್ಲೇ. ಆದರೆ ಮೃತ್ಯುವಿನ ಲೆಕ್ಕದಲ್ಲಿ ಅದು ಅವಳದಲ್ಲ. ನನ್ನ ಮಗು, ಮಾರಿದ್ದು ಬರೀ ಶಾಸ್ತ್ರಕ್ಕೆ ಎಂದು ಹೆತ್ತವಳ ಬಾಯಲ್ಲೇ ಬಂದರೆ ಕಟ್ಟಿದ ಕಟ್ಟು ಬಿಚ್ಚಿಹೋಗುತ್ತದೆ.

“ಹೇಳುದ್ರೆ ಮಗು ಸಾಯ್ತದೆ ಅಂತ ಅವಳ ಭಯ, ಹೇಳ್ದಿದ್ರೆ ಮಗು ಸಿಕ್ಕಲ್ಲ,” ಅಂದರು ಷಣ್ಮುಖಪ್ಪನವರು. “ಬೇರೆಯೋರೇ ಹೇಳ್ಬೇಕು ಸುಂದ್ರಾ. ಮುಂದಿನ ಕೋರ್ಟಿನ ಸೋಮವಾರ ಸಾಹೇಬ್ರ ಕೋಣೆಗೆ ಹೋಗಿ ನಾನೇ ಹೇಳ್ತೀನಿ.”

ಇಬ್ಬರ ಮನಸ್ಸೂ ಹೋಗಿ ನಿಂತದ್ದು ಒಂದೇ ಕಡೆ. ಅವರಿಗೂ ಮೊದಲ ಮಗು ದಕ್ಕಿರಲಿಲ್ಲ. ಎರಡನೆಯದು ನೀಲಾಂಬಿಕೆ ಹುಟ್ಟಿದಾಗ ಅತ್ತೆ ಪಕ್ಕದ ಮನೆಯ ಚಿಕ್ಕಸಿದ್ದಮ್ಮನನ್ನು ಕರೆಸಿ ಮೊರ, ತೌಡು ಎಲ್ಲ ಸಿದ್ಧ ಮಾಡಿದ್ದರು. ಆಗಷ್ಟೇ ಪರೀಕ್ಷೆ ಪಾಸು ಮಾಡಿ ಸರ್ಕಾರಿ ಕೆಲಸ ಹಿಡಿದಿದ್ದ ಷಣ್ಮುಖಪ್ಪ, “ಮಗು ಏನು ಎಮ್ಮೆಕರುವಾ ಮಾರೋಕೆ?” ಎಂದು ಮೊರವನ್ನು ಅಂಗಳಕ್ಕೆ ಎಸೆದಿದ್ದರು. ಎಂಟು ತಿಂಗಳಿಗೆ ನೀಲಾಂಬಿಕೆ ಜ್ವರದಲ್ಲಿ ಹೋದಳು. ಮಾರಿದ್ದರೂ ಹೋಗುತ್ತಿದ್ದಳೇನೋ. ಸುಂದ್ರಮ್ಮ ಆ ಮಾತನ್ನು ಒಂದು ದಿನವೂ ಎತ್ತಿ ಆಡಲಿಲ್ಲ. ಅವರು ಮಾತ್ರ ಆಮೇಲೆ ಯಾರ ನಂಬಿಕೆಯನ್ನೂ ನೋಡಿ ನಗಲಿಲ್ಲ.

*

ಮಧ್ಯಾಹ್ನ ಮ್ಯಾಜಿಸ್ಟ್ರೇಟರು ಬಂದರು. ಹಿಂದೆ ಹಾರ ಹಿಡಿದು ಕೋರ್ಟಿನ ಜವಾನ ಕುಳ್ಳಯ್ಯ. ಹಾರ ಹಾಕಿ, ಕೈಮುಗಿದು, “ಅವರಿಲ್ಲದೆ ನನಗೆ ಆ ಕೋರ್ಟಿನಲ್ಲಿ ಏನೂ ತೋಚುವುದಿಲ್ಲಮ್ಮ,” ಅಂದರು. ಬಾಯುಪಚಾರದ ಮಾತಲ್ಲ, ಕಣ್ಣು ತುಂಬಿತ್ತು. ಆಮೇಲೆ ಚಪ್ಪಲಿಯ ಕಡೆ ತಿರುಗಿದರು.

ಇವರು ಹೋದರೆ ಮಗುವೂ ಹೋಯಿತು. ಸುಂದ್ರಮ್ಮ ಎದ್ದು ನಿಂತಳು. “ಹೆಣದ ಮುಂದಿಂದ ಏಳ್ತಾರೇನೇ?” ಎಂದು ಯಾರೋ ಸೆರಗು ಜಗ್ಗಿದರು. ಅವಳು ಸೆರಗು ಬಿಡಿಸಿಕೊಂಡಳು.

“ಸ್ವಾಮಿ, ನಮ್ಮ ಯಜಮಾನ್ರು ಇವತ್ತು ನಿಮ್ಮತ್ರ ಒಂದು ಮಾತು ಹೇಳ್ಬೇಕು ಅಂತಿದ್ರು.”

“ಈಗಲೇ ಏಕಮ್ಮ? ನಿಧಾನವಾಗಿ ಹೇಳಿ.”

“ನಿಧಾನ ಮಾಡಿದ್ದು ಸಾಕು ಸ್ವಾಮಿ. ಆ ಕೆಂಚಿ ಮಗೀನ ಮಾರಿಲ್ಲ. ಮಕ್ಳು ಉಳೀದಿದ್ರೆ ನಮ್ ಕಡೆ ತೌಡಿಗೆ ಮಾರೋ ಶಾಸ್ತ್ರ ಮಾಡ್ತಾರೆ. ಸಾವು ಬಂದು ಕೇಳುದ್ರೆ, ಇದು ನಂದಲ್ಲ ಅನ್ನಬೇಕು, ಅದಕ್ಕೆ. ನಂದು ಅಂತ ಬಾಯ್ಬುಟ್ರೆ ಮಗು ಹೋಗ್ಬುಡ್ತದೆ ಅನ್ನೋ ಭಯ. ನಿಮ್ಮ ಕಟಕಟೇಲಿ ನಿಂತ್ಕೊಂಡು ಅವಳು ಸುಳ್ಳೂ ಹೇಳ್ಲಿಲ್ಲ, ನಿಜಾನೂ ಹೇಳಂಗಿರ್ಲಿಲ್ಲ.”

ಮ್ಯಾಜಿಸ್ಟ್ರೇಟರು ಕುಳ್ಳಯ್ಯನ ಮುಖ ನೋಡಿದರು.

“ದಿಟ ಸ್ವಾಮಿ,” ಅಂದ ಕುಳ್ಳಯ್ಯ. “ನನ್ನೂ ನಮ್ಮವ್ವ ಮಾರಿದ್ಲು.”

“ಅವತ್ತು ಏಕೆ ಹೇಳಲಿಲ್ಲ ನೀನು?”

“ನೀವು ಕೇಳ್ಲಿಲ್ವಲ್ಲ ಸ್ವಾಮಿ.”

“ನಾನೂ ಮಾರ್ಬೇಕಾಗಿತ್ತು,” ಅಂದಳು ಸುಂದ್ರಮ್ಮ. “ಇವರು ಬ್ಯಾಡ ಅಂದ್ರು. ನನ್ ಮಗ ಉಳೀಲಿಲ್ಲ, ಮಗಳೂ ಉಳೀಲಿಲ್ಲ. ಶಾಸ್ತ್ರ ನಿಜವೋ ಸುಳ್ಳೋ ನಾ ಕಾಣೆ. ಅವಳದು ಉಳದದೆ ಸ್ವಾಮಿ. ಉಳದಿರೋದ್ನ ಅವಳಿಗೆ ಕೊಡ್ಸಿ.” ಇಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು, ನೀಲಾಂಬಿಕೆಗೂ ಗಂಡನಿಗೂ ಸೇರಿಸಿ ಬಂತು.

ಮ್ಯಾಜಿಸ್ಟ್ರೇಟರು ಎಡಕ್ಕೆ ವಾಲಿದ ಆ ತಲೆಯನ್ನು ಒಮ್ಮೆ ನೋಡಿದರು. ಆಮೇಲೆ ಬರಿಗಾಲಲ್ಲೇ ಅಂಗಳ ದಾಟಿ ಬೇಲಿಯ ಹತ್ತಿರ ಹೋದರು. ಕೆಂಚಿ ಎರಡು ಹೆಜ್ಜೆ ಹಿಂದೆ ಸರಿದಳು. ಏನೋ ಕೇಳಲು ಬಾಯಿ ತೆರೆದವರು ಅದನ್ನು ನುಂಗಿಕೊಂಡು, ಒಂದೊಂದೇ ಮಾತು ಆರಿಸಿ ಕೇಳಿದರು.

“ಚಿಕ್ಕಮಾದಿಯ ಮಗುವನ್ನು ಚಿಕ್ಕಮಾದಿಯ ಮನೆಯತನಕ ನೀನು ಕರೆದುಕೊಂಡು ಹೋಗುತ್ತೀಯೇನಮ್ಮ?”

ಕೆಂಚಿ ಮೊದಲ ಬಾರಿಗೆ ತಲೆಯೆತ್ತಿದಳು.

“ಊಂ ಸೋಮಿ. ನಮ್ ಗುಡ್ಲು ಪಕ್ಕದಾಗೇ ಅದೆ. ಕರ್ಕೊಂಡೋಯ್ತೀನಿ.”

“ನಾಳೆ ಬೆಳಗ್ಗೆ ಕೋರ್ಟು ಕೂರಿಸುತ್ತೇನೆ, ಮಗು ಇಲ್ಲೇ ಇರಲಿ,” ಎಂದು ಭಾಗ್ಯಮ್ಮನಿಗೆ ಹೇಳಿ, ಸುಂದ್ರಮ್ಮನ ಕಡೆ ತಿರುಗಿದರು. “ಆದರೆ ಈ ಮಾತನ್ನು ಅಲ್ಲಿ ಯಾರಾದರೂ ಹೇಳಬೇಕಲ್ಲಮ್ಮ.”

“ನಾನೇ ಬತ್ತೀನಿ.”

ಗಂಡನನ್ನು ಮಣ್ಣು ಮಾಡಿದ ಮಾರನೆಯ ದಿನವೇ ಕೋರ್ಟಿನ ಮೆಟ್ಟಿಲೇ ಎಂದು ಹೆಂಗಸರು ಗುಸುಗುಸು ಎಂದರು. ಅಂದುಕೊಳ್ಳಲಿ ಬಿಡು ಎಂದುಕೊಂಡಳು ಸುಂದ್ರಮ್ಮ.

ಬಿಸಿಲು ಇಳಿಯುವ ಮುಂಚೆ ಬಿದಿರಿನ ವಿಮಾನದಲ್ಲಿ ಕೂರಿಸಿ ಷಣ್ಮುಖಪ್ಪನವರನ್ನು ಎತ್ತಿದರು. ಬೇಲಿ ದಾಟುವಾಗಲೂ ತಲೆ ಎಡಕ್ಕೇ ವಾಲಿತ್ತು, ಕೆಂಚಿ ನಿಂತಿದ್ದ ಕಡೆಗೆ. ಅವಳು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಮಣ್ಣು ಕೊಟ್ಟು ಬಂದವರು ದೀಪ ನೋಡಿಕೊಂಡು ಒಬ್ಬೊಬ್ಬರೇ ಹೊರಟರು. ರಾತ್ರಿ ಸುಂದ್ರಮ್ಮ ದೀಪಕ್ಕೆ ಎಣ್ಣೆ ಹಾಕಲು ಪಡಸಾಲೆಗೆ ಬಂದಳು. ಅವರು ಒರಗಿದ್ದ ಗೋಡೆಯ ಮೇಲೆ ವಿಭೂತಿಯ ಗುರುತು ಹಾಗೇ ಇತ್ತು. ಅದರ ಕೆಳಗೆ ನಿಂಗಿ ಅವರೆಕಾಯಿಯ ಸೊಗಡು ಹತ್ತಿದ ಕೈ ಮುಚ್ಚಿಕೊಂಡು ನಿದ್ದೆಹೋಗಿದ್ದಳು. ಸುಂದ್ರಮ್ಮ ಒಳಗೆ ಕರೆದಿದ್ದ ಕೆಂಚಿ ಒಂದು ಮಾರು ದೂರದಲ್ಲಿ, ಯಾರದೋ ಮಗು ಎನ್ನುವ ಹಾಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳ ಸೆರಗು ಮಾತ್ರ ನೆಲದ ಮೇಲೆ ಉದ್ದಕ್ಕೂ ಹರಿದುಬಂದು, ತುದಿ ಮಗುವಿನ ಮುಷ್ಟಿಯೊಳಗೆ ಸೇರಿತ್ತು.