ಹಸಿರು ಜೀಪು ಬೆಟ್ಟ ಹತ್ತಿದ್ದು

ಕಬ್ಬಿಣಕ್ಕೂ ಬಾಯಾರುತ್ತಿದ್ದ ಕಾಲದಲ್ಲಿ ಒಬ್ಬಳು ಅಜ್ಜಿ ಇದ್ದಳಂತೆ, ಅವಳಿಗಿಬ್ಬರು ಮೊಮ್ಮಕ್ಕಳಂತೆ, ಅಂಗಳದಲ್ಲೊಂದು ಹಸಿರು ಜೀಪಂತೆ. ಅಜ್ಜ ಸೈನ್ಯದಲ್ಲಿ ಓಡಿಸುತ್ತಿದ್ದ ಜೀಪದು. ಹಳತಾಗಿ ಹರಾಜಿಗೆ ಬಂದಾಗ ತಾನೇ ಕೊಂಡು ತಂದಿದ್ದ. ಅವನು ಹೋದ ಮೇಲೆ ಅಜ್ಜಿ ಅದನ್ನು ಹೆತ್ತ ಮಗನಂತೆ ನೋಡಿಕೊಂಡಳು. ವರ್ಷಕ್ಕೊಮ್ಮೆ ಬಣ್ಣ, ವಾರಕ್ಕೊಮ್ಮೆ ಅಂಗಳದಲ್ಲಿ ಎರಡು ಸುತ್ತು. ಅದಕ್ಕಿಂತ ದೂರ ಅದು ಹೋದದ್ದೇ ಇಲ್ಲ.

ಕಿರಿಯ ಮೊಮ್ಮಗಳು ಪೇಟೆಯಲ್ಲಿ ಫ್ಯಾನು, ಮಿಕ್ಸಿ ರಿಪೇರಿ ಮಾಡುತ್ತಿದ್ದಳು. ಅಜ್ಜಿ ಅವಳನ್ನು ಕರೆಯುತ್ತಿದ್ದುದೇ ಕಿಡಿ ಎಂದು. ಹಿರಿಯವಳು ಬೆಟ್ಟದ ತುದಿಯ ಗೋಪುರದಲ್ಲಿ ಕೂತು ಕಾಡಿಗೆ ಬೆಂಕಿ ಬಿದ್ದರೆ ಸುದ್ದಿ ಮುಟ್ಟಿಸುವ ಕಾವಲಿನವಳು. ಒಂದು ಮಧ್ಯಾಹ್ನ ಕಿಡಿ ಊಟಕ್ಕೆ ಬಂದಿದ್ದಾಗ ಮನೆಯ ವಾಕಿಟಾಕಿಯಲ್ಲಿ ಅಕ್ಕನ ದನಿ ಬಂತು. ಕೆಳಗಿನ ಹುಲ್ಲಿಗೆ ಬೆಂಕಿ ಹತ್ತಿದೆ, ಏಣಿಯಿಂದ ಬಿದ್ದು ಕಾಲು ಮುರಿದಿದೆ, ಒಂದು ಹೆಜ್ಜೆಯೂ ಇಡಲಾಗದು ಎಂದಳು. ಅರಣ್ಯ ಇಲಾಖೆಯ ಲಾರಿ ಬರಲು ಮೂರು ಗಂಟೆ ಬೇಕಿತ್ತು. ಬೆಂಕಿಗೆ ಅಷ್ಟು ಹೊತ್ತು ಬೇಕಿರಲಿಲ್ಲ.

"ನಾನು ಬರ್ತೀನಿ ಅಕ್ಕಾ. ಆಸ್ಪತ್ರೆ ಬಾಗಿಲಿಗೇ ನಿನ್ನ ಇಳಿಸ್ತೀನಿ," ಎಂದು ಕಿಡಿ ಮಾತು ಕೊಟ್ಟಳು. ವಾಕಿಟಾಕಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳಕ್ಕೆ ಓಡಿದಳು.

ಆ ಕಲ್ಲುದಾರಿ ಹತ್ತಬಲ್ಲದ್ದು ಜೀಪೊಂದೇ. ಬೇಡವೆಂದರೂ ಕೇಳದೆ ಅಜ್ಜಿ ಪಕ್ಕದಲ್ಲಿ ಹತ್ತಿ ಕೂತಳು. ಜೀಪಿನ ಹಟ ತನಗೊಬ್ಬಳಿಗೇ ಗೊತ್ತಂತೆ.

ಮೂರನೆಯ ತಿರುವಿಗೇ ಶಾಖದ ಮುಳ್ಳು ಕೆಂಪಿಗೆ ಬಂತು. ಹೊಗೆ ದಾರಿಗಿಳಿದಿತ್ತು. ದೀಪ ಹಾಕಿದ್ದೇ ತಡ, ಎಂಜಿನ್ ಬಿಕ್ಕಿತು, ದೀಪ ಮಿಣುಕುಹುಳದಷ್ಟಾಯಿತು, ಜೀಪು ನಿಂತೇ ಬಿಟ್ಟಿತು. ಸ್ಟಾರ್ಟರ್ ಒತ್ತಿದರೆ ಟಕ್ ಎಂಬ ಸದ್ದು, ಅಷ್ಟೇ.

"ಎಲ್ಲಿದ್ದೀಯೇ? ನಿನ್ನ ದೀಪ ಕಾಣ್ತಿಲ್ಲ," ಎಂದಿತು ವಾಕಿಟಾಕಿ.

ಕಿಡಿ ಕೆಳಗೆ ಜಿಗಿದಳು. ಬಾನೆಟ್ ಎತ್ತಿದರೆ ಕುದಿಯುವ ಗಾಳಿ ಮುಖಕ್ಕೆ ರಾಚಿತು. ಎಂಜಿನ್ ತಣಿಸುವ ನೀರಿನ ರೇಡಿಯೇಟರು, ಅದರ ಮುಚ್ಚಳಕ್ಕೆ ಹೋದ ಕೈಯನ್ನು ಹಿಂದೆಳೆದುಕೊಂಡಳು. ಈಗ ತೆಗೆದರೆ ಚರ್ಮವೇ ಬೆಂದೀತು. ಅಷ್ಟರಲ್ಲಿ ಚಾಲಕನ ಮುಂದಿನ ಹಿಡಿಯಿಂದ ಎಂಜಿನ್ನಿಗೆ ಎಳೆದ ಚೋಕಿನ ತೆಳು ತಂತಿಯಿಂದ ಹೊಗೆಯ ಎಳೆಯೊಂದು ಏಳುವುದು ಕಂಡಿತು. ಅವಳ ತಲೆ ಓಡಿತು. ಕರೆಂಟು ಬ್ಯಾಟರಿಗೆ ಮರಳುವ ಹೆದ್ದಾರಿ ಎಲ್ಲೋ ಕಟ್ಟಿದೆ, ಅದಕ್ಕೇ ಈ ಸಂದಿಯಲ್ಲಿ ನುಗ್ಗುತ್ತಿದೆ. ಎಂಜಿನ್ನಿನಿಂದ ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಕರೆಂಟು ದಾಟಿಸುವ ಅರ್ಥ್ ಪಟ್ಟಿಯನ್ನು ತಡಕಿದಳು. ಅದನ್ನು ಬಿಗಿದದ್ದು ದಪ್ಪ ಹಸಿರು ಬಣ್ಣದ ಮೇಲೆ. ಬಣ್ಣ ದಾಟಿ ಕರೆಂಟು ಹೋಗದು.

"ಅಜ್ಜೀ, ಇಲ್ಲೂ ಬಳಿದಿದ್ದೀಯಾ?"

"ತುಕ್ಕು ಹಿಡಿದಿತ್ತು ಕಣೇ. ಬಿಚ್ಚಿ, ಬಳಿದು, ಮತ್ತೆ ಕಟ್ಟಿದೆ. ಎರಡು ಕೋಟು," ಎಂದಳು ಅಜ್ಜಿ, ಇನ್ನೂ ಹೆಮ್ಮೆಯಿಂದಲೇ.

ಕಿಡಿ ಬೋಲ್ಟು ಬಿಚ್ಚಿ ಚಾಕುವಿನಿಂದ ಕೆರೆದಳು. ಕೆಳಗೆಲ್ಲೋ ಬಿದಿರು ಪಟಪಟ ಸಿಡಿಯುತ್ತಿತ್ತು. ಪ್ರತಿ ಸಿಡಿತಕ್ಕೂ ಅವಳು ಇನ್ನಷ್ಟು ಜೋರಾಗಿ ಕೆರೆಯುತ್ತಿದ್ದಳು. ಕಬ್ಬಿಣ ಬೆಳ್ಳಗೆ ಹೊಳೆದ ಮೇಲೆ ಪಟ್ಟಿ ಬಿಗಿದಳು. ಎರಡನೆಯ ಸಲಕ್ಕೆ ಎಂಜಿನ್ ಹಿಡಿಯಿತು. ದೀಪ ಕಣ್ಣು ಬಿಟ್ಟಿತು.

ಮುಳ್ಳು ಮಾತ್ರ ಕೆಂಪಿನಲ್ಲೇ ಇತ್ತು. ಫ್ಯಾನು ತಿರುಗುತ್ತಿದೆ, ಬೆಲ್ಟು ಬಿಗಿಯಾಗಿದೆ. ಒಣ ಎಲೆಯೊಂದನ್ನು ಮುಂದಿನ ಜಾಲರಿಗೆ ಹಿಡಿದಳು. ಗಾಳಿ ಒಳಗೆಳೆದಿದ್ದರೆ ಎಲೆ ಕಚ್ಚಿಕೊಳ್ಳಬೇಕಿತ್ತು. ಅದು ಸುಮ್ಮನೆ ಕೆಳಗೆ ಬಿತ್ತು. ಸರಳುಗಳ ನಡುವೆ ಬೆರಳು ತೂರಿಸಿದರೆ ಒಳಗೆ ಬಟ್ಟೆ, ಅದಕ್ಕೂ ಅದೇ ಹಸಿರು.

ಅಜ್ಜಿ ಬಗ್ಗಿ ನೋಡಿದಳು. "ಧೂಳು ಕುಡಿದು ಕೆಮ್ಮುತ್ತೆ ಅಂತ ನಾನೇ ಒಂದು ಅಂಗಿ ಹೊಲಿದು ಹಾಕಿದೆ," ಎಂದಳು. ಆಮೇಲೆ ಮೊಮ್ಮಗಳ ಕೈಯಿಂದ ಚಾಕು ಕಿತ್ತುಕೊಂಡು, ತನ್ನ ಹೊಲಿಗೆಯನ್ನು ತಾನೇ ಪರಪರ ಹರಿದಳು.

ಆ ಬಟ್ಟೆಯನ್ನೇ ಮಡಿಸಿ ಕಿಡಿ ರೇಡಿಯೇಟರಿನ ಮುಚ್ಚಳದ ಮೇಲಿಟ್ಟು ಅರ್ಧ ಸುತ್ತು ತಿರುಗಿಸಿದಳು. ಹಬೆ ಬುಸುಗುಟ್ಟಿತು. ಅದು ತಣಿದ ಮೇಲೆ ಮುಚ್ಚಳ ತೆಗೆದು, ಕುಡಿಯುವ ನೀರನ್ನೆಲ್ಲ ತುಸುತುಸುವೇ ಹೊಯ್ದಳು. ಮುಳ್ಳು ಒಲ್ಲದ ಮನಸ್ಸಿನಿಂದ ಇಳಿಯಿತು.

ಗೋಪುರದ ಬುಡ ತಲುಪಿದಾಗ ಬಾನೆಟ್ಟಿನ ಮೇಲೆ ಬಿಸಿ ಬೂದಿ ಬೀಳುತ್ತಿತ್ತು. ಅಕ್ಕ ತೆವಳಿಕೊಂಡು ದಾರಿಯವರೆಗೂ ಬಂದಿದ್ದಳು. ಇಬ್ಬರೂ ಸೇರಿ ಅವಳನ್ನು ಹಿಂದೆ ಮಲಗಿಸಿದರು. ಇಳಿಯುವಾಗ ಎಡಗಡೆಯ ಹುಲ್ಲೆಲ್ಲ ಧಗಧಗ ಉರಿಯುತ್ತಿತ್ತು. ಕಿಡಿ ಅತ್ತ ತಿರುಗಲಿಲ್ಲ. ಮುಳ್ಳನ್ನೊಮ್ಮೆ, ದಾರಿಯನ್ನೊಮ್ಮೆ ನೋಡುತ್ತಿದ್ದಳು. ಅಜ್ಜಿ ಹರಿದ ಬಟ್ಟೆಯನ್ನು ಮಡಿಲಲ್ಲಿ ಹಿಂಡುತ್ತ, ನಿಲ್ಲಬೇಡ ಮಗನೇ, ನಿಲ್ಲಬೇಡ ಎಂದು ಜೀಪಿಗೆ ಹೇಳುತ್ತಲೇ ಇದ್ದಳು.

ಅದು ನಿಂತದ್ದು ಆಸ್ಪತ್ರೆಯ ಬಾಗಿಲಲ್ಲಿ. ಕಿಡಿ ಅಕ್ಕನನ್ನು ತೋಳಲ್ಲಿ ಎತ್ತಿ ಕೆಳಗಿಳಿಸಿದಳು.