ಅಕ್ಕನ ಗುಳಿಗೆ ಚೀಲ

೧

ಎಲ್ಲಿಂದ ಶುರು ಮಾಡಲಿ? ಜೈಲಿನ ಗೇಟಿನಿಂದ ಅಂದುಕೊಂಡಿದ್ದೆ. ಕಬ್ಬಿಣದ ಬಾಗಿಲು, ಹೊರಗೆ ರಣಬಿಸಿಲು, ಬಡಕಲಾದ ಉಡಚವ್ವ. ಅರ್ಧ ಪುಟ ಬರೆದು ಹರಿದು ಹಾಕಿದೆ. ಉಡಚವ್ವ ಬಡಕಲಾಗಿರಲೇ ಇಲ್ಲ.

(ಯಾಕೆ ಒಳಗೆ ಹೋಗಿದ್ದಳು ಅಂತ ನಿಮಗೆ ಆಗಲೇ ತುರಿಕೆ. ಕುಡಿದು ಬಂದು ದಿನಾ ಬಡಿಯುತ್ತಿದ್ದ ಗಂಡನಿಗೆ ಒಮ್ಮೆ ತಿರುಗಿ ಬಡಿದಳು. ಅವನು ಏಳಲಿಲ್ಲ. ಸಮಾಧಾನವಾಯಿತೇ? ಮುಂದೆ ಹೋಗೋಣ.)

೨ (ಎರಡನೇ ಡ್ರಾಫ್ಟು)

ಸವಣೂರು ಬಸ್ ಸ್ಟ್ಯಾಂಡು. ಉಡಚವ್ವನ ತಂಗಿ ರಾಜಶ್ರೀ ಹತ್ತಿಮತ್ತೂರಿನಿಂದ ಬಂದು ಕಾಯುತ್ತಿದ್ದಾಳೆ. ಅಕ್ಕನನ್ನು ತಬ್ಬಿಕೊಂಡು ಅಳಲು ಬೆಳಗಿನಿಂದಲೇ ತಯಾರಾಗಿದ್ದಳು. ಬಸ್ಸಿಳಿದವಳನ್ನು ನೋಡಿ ಅಳುವುದೇ ಮರೆತುಹೋಯಿತು. ಅಕ್ಕನ ಗಲ್ಲ ತುಂಬಿವೆ, ಕಣ್ಣಿಗೆ ಹೊಸ ಚಾಳೀಸು. ಕೈಯಲ್ಲಿ ಜೈಲಿನ ಡಾಕ್ಟರು ಕೊಟ್ಟ ಗುಳಿಗೆ ಚೀಲ: ಬಿಪಿಯದು, ಸಕ್ಕರೆ ಕಾಯಿಲೆಯದು, ರಕ್ತ ಹೆಚ್ಚಿಸುವುದು.

ರಾಜಶ್ರೀಗೆ ಹೊಟ್ಟೆಕಿಚ್ಚಾಯಿತು. ಸುತ್ತಿಬಳಸಿ ಹೇಳುವುದೇಕೆ? ಅವಳಿಗೆ ಸೊಂಟ ನೋವು, ತಲೆಸುತ್ತು, ಮುಟ್ಟು ಮುಗಿದರೂ ನಿಲ್ಲದ ರಕ್ತ. ಮೆಣಸಿನಕಾಯಿ ಬಿಡಿಸುವ ಕೂಲಿ ತಪ್ಪೀತೆಂದು ಯಾರ ಮುಂದೆಯೂ ಬಾಯಿ ಬಿಟ್ಟವಳಲ್ಲ.

೩

ಇಲ್ಲಿ ಜಗಳ. ಹತ್ತಿಮತ್ತೂರಿನ ತಂಗಿಯ ಮನೆಯಲ್ಲಿ ನಾನು ಪೆನ್ನು ಹಿಡಿದು ಉಡಚವ್ವನ ಎದುರು ಕೂತಿದ್ದಾಗ ರಾಜಶ್ರೀ ಚಹಾ ತಂದು ಕುಕ್ಕಿದಳು.

"ಜೈಲಿಗಿ ಹೋಗಿ ಬಂದವ್ರದಷ್ಟ ಬರೀತೀರೇನ್ರಿ?"

ಇದು ಬಿಡುಗಡೆಯಾದವರ ಕಥೆ, ನೀನು ಸೈಡ್ ಕ್ಯಾರೆಕ್ಟರ್ ಅಂತ ತಿಳಿಹೇಳಿದೆ. ಅವಳು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅಂದಿನಿಂದ ಕಥೆ ಅವಳ ಹಿಂದೆ ಅಲೆಯುತ್ತಿದೆ.

೪

ಉಡಚವ್ವ ಹುಲಗೂರು ದರ್ಗಾಕ್ಕೆ ಹರಕೆ ತೀರಿಸಲು ಹೋದ ದಿನ ರಾಜಶ್ರೀ ಚೀಲ ಬಿಚ್ಚಿದಳು. ಬಣ್ಣಕ್ಕೊಂದರಂತೆ ಗುಳಿಗೆ ಬಿಡಿಸಿ ಖಾಲಿ ಹೊಟ್ಟೆಗೆ ನುಂಗಿದಳು. ತನ್ನ ಗಲ್ಲವೂ ತುಂಬಲಿ ಅಂತ. ಅಕ್ಕ ಮರಳಿದಾಗ ಅವಳು ಒಲೆಯ ಮುಂದೆ ಬೆವತು ನಡುಗುತ್ತ ಬಿದ್ದಿದ್ದಳು.

ಸಕ್ಕರೆ ಇಳಿದಿದೆ ಅಂತ ಉಡಚವ್ವನಿಗೆ ಕೂಡಲೇ ತಿಳಿಯಿತು. ಒಳಗಿದ್ದಾಗ ಅವಳಿಗೂ ಹಾಗಾಗಿತ್ತು. ಬೆಲ್ಲದ ನೀರು ಗುಟುಕು ಗುಟುಕಾಗಿ ಕುಡಿಸಿದಳು. ಬೈಯಲಿಲ್ಲ.

"ಒಳಗ ಹೋದ ದಿನ ಡಾಕ್ಟರಬಾಯಾರು ಕೇಳಿದ್ರು, ಎಲ್ಲೆಲ್ಲಿ ನೋಯಾಕತ್ತೈತಿ ಅಂತ. ಅಲ್ಲೀತನಕ ನನಗ ಯಾರೂ ಕೇಳಿದ್ದಿಲ್ಲ. ಈಗ ನೀ ಹೇಳು ರಾಜಿ, ಎಲ್ಲೆಲ್ಲಿ ನೋಯಾಕತ್ತೈತಿ?"

ರಾಜಶ್ರೀ ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಅವಳ ಚಾಳೀಸನ್ನೇ ನೋಡಿದಳು.

"ಇಷ್ಟು ಕೇಳಿಸ್ಕೊಳ್ಳಾಕ ನಾನೂ ಯಾರನ್ನರ ಬಡೀಬೇಕಿತ್ತೇನ, ಅಕ್ಕಾ?"

೫

ಮುಕ್ತಾಯ ಒಂದು: ಮರುದಿನ ಅಕ್ಕತಂಗಿ ಸವಣೂರಿನ ಆಸ್ಪತ್ರೆಯ ಪಾಳಿಯಲ್ಲಿ ನಿಂತಿದ್ದಾರೆ. (ಸಂಪಾದಕರಿಗೆ ಇಷ್ಟವಾಗುತ್ತದೆ.)

ಮುಕ್ತಾಯ ಎರಡು: "ಎಲ್ಲೂ ಇಲ್ಲ" ಅಂದು ರಾಜಶ್ರೀ ರೊಟ್ಟಿ ಬಡಿಯಲು ಏಳುತ್ತಾಳೆ. (ವಿಮರ್ಶಕರಿಗೆ.)

ಯಾವುದನ್ನು ಇಡಲಿ ಅಂತ ತಲೆ ಕೆರೆದುಕೊಳ್ಳುತ್ತ ನಾನು ಪೆನ್ನು ಮುಚ್ಚಿದೆ. ಅಕ್ಕನ ತೊಡೆಯ ಮೇಲಿದ್ದ ತಲೆ ನನ್ನ ಕಡೆ ತಿರುಗಿತು.

"ಸೊಂಟದ್ದಷ್ಟ ಹೇಳೇನ್ರಿ. ರಕ್ತದ್ದು ಇನ್ನೂ ಹೇಳಿಲ್ಲ. ಪೆನ್ನ ಯಾಕ ಮುಚ್ಚಿದ್ರಿ?"