ನಿದ್ದೆಹೋಗುವ ಮೌಸ್

ಸುಳ್ಳು ಹೇಳಿದರೆ ನನ್ನ ಬಲಗೈ ಬಿದ್ದುಹೋಗಲಿ. ಹಾಗೆ ಆಣೆ ಇಡುವುದರಲ್ಲಿ ನನಗೇನೂ ನಷ್ಟವಿಲ್ಲ. ಅದು ಹೇಗೂ ಬೀಳುವ ಹಾಗೇ ಇತ್ತು.

ಅಮೆರಿಕದಲ್ಲಿ ಯಾವನಾದರೂ ಹೊಸ ಶೂ ಹಾಕಿಕೊಂಡು ನಡೆಯುತ್ತಿದ್ದಾನೆ ಎಂದರೆ ಅವನು ಒಂದು ಗಳಿಗೆ ನಿಂತು, ಮದರಾಸಿನ ತ್ರಿಪ್ಲಿಕೇನಿನ ದಿಕ್ಕಿಗೆ ತಿರುಗಿ, ಈ ಉಪೇಂದ್ರನಿಗೊಂದು ನಮಸ್ಕಾರ ಹಾಕಬೇಕು. ಶೋಳಿಂಗನಲ್ಲೂರಿನ ಗಾಜಿನ ಕಟ್ಟಡದಲ್ಲಿ ಕೂತು, ಅಲ್ಲಿನ ಅಂಗಡಿಗಳ ಕ್ಯಾಟಲಾಗಿಗೆ ಬರುವ ಶೂ ಫೋಟೋಗಳ ಸುತ್ತ ಮೌಸಿನಿಂದ ಗೆರೆ ಎಳೆದು, ಹಿಂದಿನ ಗೋಡೆ, ಮೇಜು, ನೆರಳು ಎಲ್ಲವನ್ನೂ ಕತ್ತರಿಸಿ ಬಿಸಾಡುವವನು ನಾನು. ಲೇಸು ಪೋಣಿಸುವ ಒಂದೊಂದು ತೂತಿನ ಸುತ್ತಲೂ ಗೆರೆ ಎಳೆಯಬೇಕು. ನಾನು ಎಳೆದ ಗೆರೆಗಳನ್ನೆಲ್ಲ ಗಂಟು ಹಾಕಿದರೆ ಅದನ್ನೇ ಹಿಡಿದುಕೊಂಡು ಚಂದ್ರಲೋಕಕ್ಕೆ ಹತ್ತಿ, ಅಲ್ಲೊಂದು ಡಿಗ್ರಿ ಕಾಫಿ ಕುಡಿದು, ನಿಧಾನವಾಗಿ ಇಳಿದು ಬರಬಹುದು. ಆಫೀಸಿನ ಮೌಸುಗಳು ನನ್ನ ಕೈಕೆಳಗೆ ದೀಪದ ಹುಳುಗಳ ಹಾಗೆ ಸಾಯುತ್ತಿದ್ದವು. ಸ್ಟೋರಿನವರು ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಮೌಸುಗಳು ಮುಗಿದು, ಕೈಯ ಸರದಿ ಬಂದಿತ್ತು. ಮಣಿಕಟ್ಟು ಊದಿಕೊಂಡು, ಕಾಫಿ ಲೋಟ ಎತ್ತಿದರೆ ಗೋವರ್ಧನಗಿರಿ ಎತ್ತಿದ ಹಾಗೆ. ಜನಿವಾರ ಸರಿಮಾಡಿಕೊಳ್ಳುವುದಕ್ಕೂ ಎಡಗೈಯನ್ನು ಬೇಡಿಕೊಳ್ಳಬೇಕು. ಸಂಜೆ ಆಫೀಸಿನ ವ್ಯಾನು ಹತ್ತಿದರೆ ಅಡಯಾರು ಬರುವುದರೊಳಗೆ ನಾನು ಪಕ್ಕದವರ ಭುಜದ ಮೇಲೆ ಹೆಣ. ಇಡೀ ಓ.ಎಂ.ಆರ್. ರಸ್ತೆಯಲ್ಲಿ ನಾನು ತಲೆಯಿಟ್ಟು ಮಲಗದ ಭುಜವೇ ಉಳಿದಿರಲಿಲ್ಲ.

ಇಷ್ಟರ ನಡುವೆ ನನ್ನದು ಅಂತ ಉಳಿದಿದ್ದದ್ದು ಒಂದೇ: ಭಾನುವಾರ ಮಧ್ಯಾಹ್ನದ ಆಟ. ಆಫೀಸಿನ ಐದು ಜನರ ತಂಡ ನಮ್ಮದು. ಅವರವರ ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು, ಬೇರೊಂದು ಕಂಪನಿಯ ಐದು ಜನರ ಜೊತೆ ಇಂಟರ್ನೆಟ್ಟಿನಲ್ಲಿ ಗುಂಡಿನ ಕಾಳಗ. ಒಂದು ಗೋದಾಮು, ನಾವು ಕಾಯುವವರು, ಅವರು ನುಗ್ಗುವವರು. ಗಡಿಯಾರ ನಿಲ್ಲುವ ಹೊತ್ತಿಗೆ ನಮ್ಮಲ್ಲಿ ಒಬ್ಬ ಉಸಿರಾಡುತ್ತಿದ್ದರೂ ಗೆಲುವು ನಮ್ಮದು. ನನ್ನ ಆಟದ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಪರದೆಯ ಮೇಲೆ ನನ್ನ ಹೆಸರು ಕಂಡರೆ ಎದುರಾಳಿಗಳು ಕರೆಂಟು ಹೋಯಿತು ಅಂತ ನೆಪ ಹೇಳಿ ಓಡುತ್ತಿದ್ದರು, ಅಷ್ಟೇ.

ಆದರೆ ಕೈ ಕೆಟ್ಟ ಮೇಲೆ ಭಾನುವಾರ ಭಾನುವಾರವೂ ಮೊದಲು ಸಾಯುವವನು ನಾನೇ ಆಗಿದ್ದೆ. ತಂಡದ ನಾಯಕ ಪ್ರತಾಪ್ ಮಂಡ್ಯದವನು, ಮದರಾಸಿಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಕ್ಯಾಂಟೀನಿನಲ್ಲಿ ನನ್ನ ಎದುರು ಕೂತು ಮೊಸರನ್ನ ಕಲೆಸುತ್ತಾ ಹೇಳಿದ.

“ನೋಡ್ ಗುರು, ಬೇಜಾರ್ ಮಾಡ್ಕಬ್ಯಾಡ. ಈ ಭಾನ್ವಾರನೂ ಮೊದ್ಲು ನೀನೇ ಸತ್ರೆ, ನಿನ್ ಜಾಗಕ್ಕೆ ಪಾವನಾನ ಹಾಕ್ತೀನಿ.”

“ಯಾರು, ಆ ಹೊಸದಾಗಿ ಸೇರಿದ ಹುಡುಗಿನಾ? ಅವಳಿಗೇನು ಗೊತ್ತಪ್ಪಾ?”

“ಸಾಯಕ್ಕೆ ಗೊತ್ತಿಲ್ಲ. ಅದೇ ಬೇಕಾಗಿರೋದು.”

ಎಗ್ಮೋರಿನಲ್ಲಿ ಡಾಕ್ಟರ್ ಶಂಕರನಾರಾಯಣ ಅಂತ ಮೂಳೆಯ ವೈದ್ಯರು. ಕೈಯನ್ನು ಹಿಂದೆ ಮುಂದೆ ಬಗ್ಗಿಸಿ, ನಾನು ರೈಲ್ವೇ ಸ್ಟೇಷನ್ನಿಗೆ ಕೇಳಿಸುವ ಹಾಗೆ ಕಿರುಚಿದ ಮೇಲೆ, ಕೆಲಸ ಅಥವಾ ಆಟ, ಎರಡರಲ್ಲೊಂದು ಬಿಡಿ ಎಂದರು. ಕೆಲಸ ಬಿಟ್ಟರೆ ಹೊಟ್ಟೆಗಿಲ್ಲ, ಆಟ ಬಿಟ್ಟರೆ ಬದುಕಿ ಏನು ಮಾಡಲಿ ಎಂದೆ. ಅವರು ನಿಟ್ಟುಸಿರು ಬಿಟ್ಟು, ಹಾಗಾದರೆ ಆ ವೈರು ಎಳೆದಾಡುವ ಮೌಸನ್ನಾದರೂ ಬಿಟ್ಟು, ಕೈಗೆ ಒಗ್ಗುವ ವೈರಿಲ್ಲದ ಮೌಸ್ ತೆಗೆದುಕೊಳ್ಳಿ, ಎರಡು ಕಡೆಗೂ ಅದೇ ಇರಲಿ ಎಂದರು. ಮನೆಯ ಹಳೆಯ ಮೌಸು ಅಷ್ಟರಲ್ಲಿ ತಾನಾಗಿಯೇ ವೈಕುಂಠ ಸೇರಿತ್ತು.

ಶನಿವಾರ ಮೌಸು ಕೊಳ್ಳಲು ಹೊರಡುವಾಗ ಅಮ್ಮ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ನೀನ್ಯಾಕಮ್ಮಾ?”

“ಕೈ ಮಾಡಿಕೊಟ್ಟವಳು ನಾನು ಡಾ. ಅದಕ್ಕೆ ಏನು ಹಿಡಿಸತ್ತೆ ಅಂತ ನಾನು ಪಾರ್ಕಬೇಡವಾ? ದಿನಾ ತೈಲ ತಿಕ್ಕೋವಳಿಗೆ ಗೊತ್ತು ಕಷ್ಟ.”

ನಮ್ಮಮ್ಮ ಜಾನಕಮ್ಮನ ಕನ್ನಡ ಹೀಗೆ. ತಲೆಮಾರುಗಳಿಂದ ತ್ರಿಪ್ಲಿಕೇನಿನಲ್ಲಿ ಬೆಂದು ಅರ್ಧ ತಮಿಳಾಗಿದೆ: ‘ಕಣೋ’ ಎನ್ನುವುದು ‘ಡಾ’, ನೋಡುವುದು ‘ಪಾರ್ಕುವುದು’. ಅವಳ ಮಡಿ ಮಾತ್ರ ಒಂದು ಅಕ್ಷರ ಬದಲಾಗಿಲ್ಲ. ಹೊಸದಾಗಿ ಬಂದ ಯಾವ ವಸ್ತುವೂ ನೀರು ಕಾಣದೆ ನಮ್ಮ ಮನೆಯೊಳಗೆ ಸೇರುವಂತಿಲ್ಲ. ಮರೀನಾದ ಗಾಳಿ ಕೂಡ ಹೊಸ್ತಿಲಲ್ಲಿ ಕಾಲು ತೊಳೆದುಕೊಂಡೇ ಒಳಗೆ ಬರುತ್ತದೆ.

ರಿಚಿ ಸ್ಟ್ರೀಟಿನಲ್ಲಿ ಲೋಕದ ವೈರುಗಳೆಲ್ಲ ತೋರಣ ಕಟ್ಟಿದ ಹಾಗೆ ನೇತಾಡುತ್ತಿರುತ್ತವೆ. ಆ ತೋರಣಗಳ ಕೆಳಗೆ ಅಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು ಯಾರಿಗೂ ತಾಗದೆ ನಡೆದಳು. ಜನ ಸಮುದ್ರದ ಹಾಗೆ ಇಬ್ಭಾಗವಾಗಿ ದಾರಿ ಬಿಟ್ಟರು. ನಾವು ಹೊಕ್ಕ ಅಂಗಡಿಯಲ್ಲಿ ಯಜಮಾನರು ಪೊಟ್ಟಣ ಬಿಚ್ಚಿಕೊಂಡು ಚಿತ್ರಾನ್ನ ತಿನ್ನುತ್ತಿದ್ದರು.

“ವೇಲೈಕ್ಕಾ ಸಾರ್, ಗೇಮುಕ್ಕಾ?” ಕೆಲಸಕ್ಕೋ ಆಟಕ್ಕೋ?

“ರೆಂಡುಕ್ಕುಂ,” ಎರಡಕ್ಕೂ ಎಂದೆ.

ಅವರು ಅಗಿಯುವುದನ್ನು ನಿಲ್ಲಿಸಿ, ಎರಡು ಸಂಸಾರ ಇಟ್ಟುಕೊಂಡವನನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಆಮೇಲೆ ತಿನ್ನುತ್ತಿದ್ದ ಕೈಯನ್ನು ಕಾಗದಕ್ಕೆ ಒಮ್ಮೆ ಒರೆಸಿ, ಅದೇ ಕೈಯಿಂದ ಮೌಸುಗಳನ್ನು ತೆಗೆತೆಗೆದು ಗಾಜಿನ ಮೇಲಿಟ್ಟರು. ಅಮ್ಮನ ಹುಬ್ಬು ಮೇಲೇರಿದ್ದನ್ನು ನಾನು ನೋಡಿದೆ. ಆದರೆ ಅದರ ಅರ್ಥ ಯೋಚಿಸುವಷ್ಟು ತ್ರಾಣ ಇರಲಿಲ್ಲ.

ಮೊದಲನೆಯದು ಆಟದ ಮೌಸು. ಲಾರಿಯಷ್ಟು ಭಾರ, ಮೈತುಂಬ ಗುಂಡಿ, ಎರಡು ಕೆಂಪು ದೀಪ. ಇದು ನಿದ್ದೆಯನ್ನೇ ಮಾಡುವುದಿಲ್ಲ, ಬ್ಯಾಟರಿ ಮಾತ್ರ ಸಿಕ್ಕಾಪಟ್ಟೆ ತಿನ್ನುತ್ತದೆ ಎಂದರು ಯಜಮಾನರು. ನನ್ನ ಮನಸ್ಸು ಅದರ ಮೇಲೆ ಹಾರಿ ಕೂತಿತು.

ಅಮ್ಮ ಬಗ್ಗಿ ನೋಡಿದಳು. “ಐಯೋ, ಇದರ ಕಣ್ಣು ಪಾರು. ನಿದ್ದೆ ಇಲ್ದೆ ಹೇಗೆ ಕೆಂಪಾಗಿದೆ! ಥೇಟ್ ನಿನ್ ಹಾಗೇ ಇದೆ. ಇಂಥದ್ದು ಮನೇಲಿ ಒಂದು ಸಾಕು.”

ಎರಡನೆಯದು ಅಂಗೈಯಲ್ಲಿ ಇಟ್ಟುಕೊಂಡರೆ ಹುಡುಕಬೇಕಾದಷ್ಟು ಪುಟ್ಟದು. ಮೂರನೆಯದು ಕಪ್ಪಗೆ, ದುಂಡಗೆ, ಯಾವ ಬಡಿವಾರವೂ ಇಲ್ಲದ್ದು. ನಾನು ಅದರ ಮೇಲೆ ಕೈಯಿಟ್ಟೆ. ತಾಯಾಣೆ ಹೇಳುತ್ತೇನೆ, ಕೈ ಅಲ್ಲಿಂದ ಏಳಲೇ ಇಲ್ಲ. ಬೆರಳುಗಳು ಒಂದೊಂದಾಗಿ ಆಕಳಿಸಿ, ಮೈ ಮುರಿದು, ಮಲಗಿಬಿಟ್ಟವು. ಮಣಿಕಟ್ಟಿನಿಂದ ಯಾರೋ ಮೊಳೆ ಕಿತ್ತ ಹಾಗಾಯಿತು.

ಇದರಲ್ಲಿ ಒಂದೇ ವಿಷಯ ಸಾರ್, ಎಂದರು ಯಜಮಾನರು. ಸ್ವಲ್ಪ ಹೊತ್ತು ಅಲ್ಲಾಡಿಸದೆ ಬಿಟ್ಟರೆ ಬ್ಯಾಟರಿ ಉಳಿಸುವುದಕ್ಕೆ ಇದು ತಾನೇ ನಿದ್ದೆಹೋಗುತ್ತದೆ. ಮತ್ತೆ ಅಲ್ಲಾಡಿಸಿದರೆ ಏಳುತ್ತದೆ, ಆದರೆ ಒಂದು ಗಳಿಗೆ ತಡ.

ಮುಗಿಯಿತು. “ಇದು ಬೇಡಮ್ಮ,” ಎಂದೆ. “ಆಟದಲ್ಲಿ ನಾನು ಮೂಟೆ ಹಿಂದೆ ಅಡಗಿ, ಕೈ ಅಲ್ಲಾಡಿಸ್ದೆ ಕಾಯ್ತಿರ್ತೀನಿ. ಶತ್ರು ಬಂದಾಗ ಇದು ಎದ್ದು, ಕಣ್ಣುಜ್ಜಿ, ಕಾಫಿ ಕೇಳೋದರೊಳಗೆ ನಾನು ಸತ್ತಿರ್ತೀನಿ. ನಿದ್ದೆಹೋಗಬಾರದು, ಅದೇ ಮುಖ್ಯ.”

“ನೀನು ಸುಮ್ನೆ ಇದ್ರೆ ಅದೂ ಮಲಗತ್ತೆ, ಅಷ್ಟೇ ತಾನೆ?”

“ಆಮಾ ಮಾಮಿ,” ಹೌದು ಎಂದರು ಯಜಮಾನರು.

“ಶರಿ, ಅದೇ ಇರ್ಲಿ. ಮನೇಲಿ ಒಬ್ಬರಾದ್ರೂ ಹೊತ್ತಿಗೆ ಸರಿಯಾಗಿ ಮಲಗ್ಲಿ.”

ವಾದ ಮಾಡಿದರೆ ನನ್ನನ್ನು ಗೆಲ್ಲುವವರು ಈ ಭರತಖಂಡದಲ್ಲಿಲ್ಲ. ಆದರೆ ವಾದ ಮಾಡುವುದಕ್ಕೆ ನಿಂತುಕೊಳ್ಳಬೇಕು. ನನ್ನ ಕಾಲುಗಳು ಆಗಲೇ ಮನೆಗೆ ಹೋಗಿದ್ದವು. ಕೈಯೂ ಆ ಕಪ್ಪು ಮೌಸನ್ನು ಬಿಡಲು ಒಪ್ಪಲಿಲ್ಲ. ಅದನ್ನೇ ಕಟ್ಟಿಸಿಕೊಂಡು ಬಂದು, ಡಬ್ಬಿಯನ್ನು ಬಾಗಿಲ ಹತ್ತಿರ ಇಟ್ಟು, ಹಾಸಿಗೆಗೆ ಬಿದ್ದೆ.

ಏಳುವ ಹೊತ್ತಿಗೆ ಭಾನುವಾರದ ಸೂರ್ಯ ನೆತ್ತಿಗೆ ಬಂದಿದ್ದ. ಡಬ್ಬಿ ಖಾಲಿ.

“ಅಮ್ಮಾ, ಮೌಸೆಲ್ಲಿ?”

ಅಡುಗೆಮನೆಯಿಂದ ಶಾಂತವಾಗಿ ಉತ್ತರ ಬಂತು. “ಮೊಟ್ಟೆಮಾಡಿಲಿ ಒಣಗ್ತಿದೆ.”

ತಾರಸಿಗೆ ನಮ್ಮಮ್ಮನ ಹೆಸರು ಅದು. ಮೆಟ್ಟಿಲುಗಳನ್ನು ಮುಟ್ಟದೆ ಹಾರಿದೆ. ಹಳೆಯ ಪಂಚೆಯ ಮೇಲೆ ಸಾಲಾಗಿ ಸಂಡಿಗೆ. ಸಂಡಿಗೆಯ ಪಕ್ಕದಲ್ಲಿ, ಬ್ಯಾಟರಿಯ ಬಾಗಿಲು ತೆರೆದು, ಹೊಟ್ಟೆ ಮೇಲಾಗಿ ಮಲಗಿದ್ದ ನನ್ನ ಮೌಸು. ಅದರ ಮಗ್ಗುಲಲ್ಲಿ, ಕಂಪ್ಯೂಟರಿಗೆ ಚುಚ್ಚುವ ಅದರ ಪುಟ್ಟ ತುಂಡು. ಕಾಗೆ ಬರದಿರಲೆಂದು ಕಾವಲಿಗೆ ಒಂದು ಕರಿ ಕೊಡೆ. ಕಾಗೆಯೊಂದು ಗೋಡೆಯ ಮೇಲೆ ಕೂತು, ಸಂಡಿಗೆ ಒಳ್ಳೆಯದೋ ಇಲಿ ಒಳ್ಳೆಯದೋ ಅಂತ ಆಲೋಚಿಸುತ್ತಿತ್ತು.

“ತೊಳೆದ್ಯಾ?”

ಅಮ್ಮ ಹಿಂದೆಯೇ ಏದುಸಿರು ಬಿಡುತ್ತಾ ಬಂದಿದ್ದಳು. “ಮತ್ತೆ? ಅವನು ಚಿತ್ರಾನ್ನ ತಿಂದ ಕೈಲೇ ತೆಗೆದ್ನೋ ಇಲ್ಲವೋ? ಎಂಜಲು ಮುಸುರೆ ಎಲ್ಲಾ ಹಾಗೇ ಒಳಗೆ ತರ್ತೀಯಾ? ನೀನಾದ್ರೆ ಅದನ್ನ ಹಿಡಿದ ಕೈಲೇ ದೇವರ ದೀಪ ಮುಟ್ತೀಯಾ.”

“ಎಷ್ಟು ನೀರು?”

“ಎರಡೇ ಚೊಂಬು. ಹುಣಸೆಹಣ್ಣು ಹಾಕಿ ಉಜ್ಜೋಣ ಅಂತಿದ್ದೆ, ಇದು ತಾಮ್ರ ಅಲ್ವಲ್ಲಾ ಅಂತ ಬಿಟ್ಟೆ. ಅದರ ಮರೀಗೂ ಸ್ನಾನ ಮಾಡ್ಸಿದೀನಿ.”

ಅಲ್ಲೇ ಬಿಸಿ ನೆಲದ ಮೇಲೆ ಕೂತುಬಿಟ್ಟೆ. ಕೋಪಕ್ಕೂ ಒಂದು ಚೈತನ್ಯ ಬೇಕಲ್ಲ. “ನಿಜ ಹೇಳಮ್ಮ. ಆಟ ನಿಲ್ಲಿಸ್ಬೇಕು ಅಂತಲೇ ತೊಳೆದೆ ಅಲ್ವಾ? ಇವತ್ತು ಆಡದಿದ್ರೆ ತಂಡದಲ್ಲಿ ನನ್ನ ಜಾಗ ಹೋಯ್ತು.”

“ನಿಲ್ಲಿಸ್ಬೇಕು ಅಂದಿದ್ರೆ ಕಂಪ್ಯೂಟರನ್ನೇ ತೊಳೀತಿದ್ದೆ ಡಾ.” ಅಮ್ಮ ಸಂಡಿಗೆಯೊಂದನ್ನು ಮಗುಚಿ ಹಾಕಿದಳು. “ವಾರ ಪೂರ್ತಿ ಹೆಣ ಬಂದ ಹಾಗೆ ಬರ್ತೀಯಾ. ಆ ಒಂದು ಹೊತ್ತು ಮಾತ್ರ ಮುಖದಲ್ಲಿ ಕೊಂಚ ಜೀವ ಇರತ್ತೆ. ಅದನ್ನ ಹೋಗಿ ನಾನು ನಿಲ್ಲಿಸ್ತೀನಾ?”

ನಾನೂ ಕೈಚಾಚಿ ಮೌಸನ್ನು ಸಂಡಿಗೆಯ ಹಾಗೆ ಮಗುಚಿ ಹಾಕಿದೆ.

ಮದರಾಸಿನ ಬಿಸಿಲಿಗೆ ಕಾವೇರಿಯೇ ಒಣಗುವಾಗ ಎರಡು ಚೊಂಬು ನೀರು ಯಾವ ಲೆಕ್ಕ? ಆಟದ ಹೊತ್ತಿಗೆ ಮೌಸಿಗೆ ಬ್ಯಾಟರಿ ಹಾಕಿ, ಮರಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿ, ರಾಯರನ್ನು ನೆನೆದು ಅಲ್ಲಾಡಿಸಿದೆ. ಪರದೆಯ ಮೇಲೆ ಬಾಣ ಓಡಿತು! ಬರೀ ಓಡಲಿಲ್ಲ, ಸ್ನಾನ ಮಾಡಿ ತಿಂಡಿ ತಿಂದವರ ಹಾಗೆ ಓಡಿತು. ಮೊಬೈಲನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ.

“ಬಂದ್ಯಾ ಗುರು?” ಪ್ರತಾಪನ ದನಿ. “ಗ್ಯಾಪ್ನ ಮಡೀಕ. ಮೊದ್ಲು ಸಾಯ್ಬ್ಯಾಡ, ಅಷ್ಟೇ ನಾನ್ ಕೇಳದು.”

“ನಾನು ಸಾಯೋದಾ? ಯಮನಿಗೆ ಇವತ್ತು ರಜಾ ಅಂತ ತಿಳ್ಕೋ.”

ಆಟ ಶುರುವಾಯಿತು. ನಾನು ಗೋದಾಮಿನ ಮೂಲೆಗೆ ಹೋಗಿ ಮೂಟೆಗಳ ಹಿಂದೆ ಕೂತು, ಬಾಗಿಲ ಕಡೆ ಬಂದೂಕು ಹಿಡಿದೆ. ಹೊರಗೆ ನಮ್ಮವರು ಒಬ್ಬೊಬ್ಬರಾಗಿ ಬೀಳುವ ಸದ್ದು. ಫ್ಯಾನು ತಿರುಗುತ್ತಿತ್ತು. ಕೈ ಆ ಕಪ್ಪು ಗುಂಡನೆಯ ಬೆನ್ನಿನ ಮೇಲೆ ಒರಗಿತ್ತು, ಒಂದಿಷ್ಟೂ ನೋವಿಲ್ಲ. ನೋವಿಲ್ಲದೆ ಇರುವ ಅಭ್ಯಾಸವೇ ಎಷ್ಟೋ ಕಾಲದಿಂದ ತಪ್ಪಿದ್ದರಿಂದಲೋ ಏನೋ, ಮೌಸು ನಿದ್ದೆಹೋಗುವ ಮುಂಚೆಯೇ ನಾನು ಹೋಗಿಬಿಟ್ಟೆ.

ಎಚ್ಚರವಾದದ್ದು ಪ್ರತಾಪನ ಕೂಗಿಗೆ. “ನೀನೊಬ್ನೇ ಉಳ್ದಿರೋದು ಗುರು! ಹಂಗೇ ಇರು, ಅಲ್ಲೇ ಇರು!”

ಕಣ್ಣು ಬಿಟ್ಟರೆ ನನ್ನ ಕೈಯಲ್ಲಿ ಮೌಸಿಲ್ಲ. ಕೈ ನೀಲಗಿರಿ ತೈಲದ ವಾಸನೆಯ ಬಟ್ಟೆ ಸುತ್ತಿಕೊಂಡು ದಿಂಬಿನ ಮೇಲಿತ್ತು. ಕುರ್ಚಿಯ ಪಕ್ಕ ಅಮ್ಮ ನೆಲದ ಮೇಲೆ ಕೂತಿದ್ದಳು. ಮುಂದೆ ಚಪಾತಿ ಲಟ್ಟಿಸುವ ಮಣೆ. ಮಣೆಯ ಮೇಲೆ ಮೌಸು. ಒಂದೇ ಬೆರಳಿನಿಂದ ಅದನ್ನು ಆಚೆಗೊಮ್ಮೆ, ಈಚೆಗೊಮ್ಮೆ ತಳ್ಳುತ್ತಿದ್ದಳು, ಮಗುವಿನ ತೊಟ್ಟಿಲು ತೂಗುವ ಹಾಗೆ. ಪರದೆಯ ಮೇಲೆ ಮೂಟೆಗಳ ಹಿಂದಿನ ನನ್ನ ಸಿಪಾಯಿ, ಬೇಡ ಬೇಡ ಎನ್ನುವವನ ಹಾಗೆ ಮೆಲ್ಲಗೆ ತಲೆಯಾಡಿಸುತ್ತಿದ್ದ.

“ಶ್! ಮಲಗು,” ಎಂದಳು. “ಇದು ನಿದ್ದೆಹೋಗಬಾರದು ಅಂದ್ಯಲ್ಲ ಅಂಗಡೀಲಿ. ಅದಕ್ಕೇ ಆಗಾಗ ಅಲ್ಲಾಡಿಸ್ತಿದ್ದೀನಿ.”

ಎದುರು ತಂಡದವರು ಗೋದಾಮನ್ನೆಲ್ಲ ತಡಕಾಡುತ್ತಿದ್ದರು. ಸಾವಿರ ಜನರನ್ನು ಹೊಡೆದುರುಳಿಸಿದ ಉಪೇಂದ್ರ ಒಂದು ಮೂಲೆಯಲ್ಲಿ ತೆಪ್ಪಗೆ ಕೂತಿರುತ್ತಾನೆ ಅಂತ ಅವರಾದರೂ ಹೇಗೆ ಎಣಿಸಿಯಾರು? ಅವರು ಆ ಮೂಲೆಗೆ ಬರುವುದರೊಳಗೆ ಗಡಿಯಾರ ನಿಂತಿತು. ಗೆದ್ದೆವು.

“ಗುರೂ! ಏನ್ ತಾಳ್ಮೆ ಗುರು ನಿಂದು!” ಪ್ರತಾಪ್ ಕುಣಿಯುತ್ತಿದ್ದದ್ದು ಫೋನಿನಲ್ಲೇ ಕಾಣುತ್ತಿತ್ತು. “ನಿನ್ ಜಾಗ ನಿಂಗೇ. ಪಾವನಾ ಕಾಯ್ಲಿ ಬಿಡು. ಅದ್ಸರಿ, ನಡುವೆ ಗೊರ್ರ್ ಅಂತ ಏನೋ ಸದ್ದು ಬತ್ತಿತ್ತಲ್ಲ?”

“ಫ್ಯಾನು,” ಎಂದೆ. “ಈ ಆಟ ಹೀಗೆ ಆಡೋದಕ್ಕೆ ವರ್ಷಾನುಗಟ್ಟಲೆ ತಪಸ್ಸು ಬೇಕಪ್ಪಾ.”

“ಯಾರ ಹತ್ರ ಡಾ ಸುಳ್ಳು ಪುಳುಗ್ತಿದ್ದೀಯಾ?” ಎಂದಳು ಅಮ್ಮ, ಮೌಸನ್ನು ಇನ್ನೂ ತೂಗುತ್ತಲೇ. ಆಟ ಮುಗಿದದ್ದು ಅವಳಿಗೆ ತಿಳಿದಿರಲಿಲ್ಲ. ನಾನೂ ಹೇಳಲಿಲ್ಲ, ಮತ್ತೆ ಕಣ್ಣು ಮುಚ್ಚಿದೆ.

ಸೋಮವಾರ ಬೆಳಿಗ್ಗೆ ಮೌಸನ್ನು ಚೀಲಕ್ಕೆ ಹಾಕಿಕೊಂಡು ವ್ಯಾನು ಹತ್ತಿದೆ. ಅಡಯಾರು ದಾಟುವ ಮುಂಚೆ ಇಬ್ಬರೂ ನಿದ್ದೆಹೋಗಿದ್ದೆವು. ಶೋಳಿಂಗನಲ್ಲೂರಿನಲ್ಲಿ ಲಕ್ಷೋಪಲಕ್ಷ ಶೂಗಳು ಬಾಯಿ ತೆರೆದುಕೊಂಡು ನನಗಾಗಿ ಕಾಯುತ್ತಿದ್ದವು. ಕಾಯಲಿ. ಅಮೆರಿಕ ಒಂದಿಷ್ಟು ಹೊತ್ತು ಬರಿಗಾಲಲ್ಲಿ ನಡೆಯಲಿ.